ಐದನೇ ಅಲೆ ಎಲ್ಲಿಂದ ಬರುತ್ತದೆ? ಬೆರಾ ಹಾಳೆಯಲ್ಲಿ ಮಿದುಳಿನ ರಚನೆ ಓದುವ ಬಗೆ

ದಾವಣಗೆರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಪೋಷಕರ ಮುಂದೆ ಆಡಿದ ಉಪನ್ಯಾಸದ ಬರಹ ರೂಪ. ಅಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದೆ.

ಎಲ್ಲರಿಗೂ ನಮಸ್ಕಾರ.

ಬೆರಾ ಎಂದರೆ ಕಿವಿಗೆ ಟಿಕ್ ಎನ್ನುವ ಚಿಕ್ಕ ಕ್ಲಿಕ್ ಶಬ್ದ ಕೊಟ್ಟು, ಅದಕ್ಕೆ ಶ್ರವಣ ನರದಲ್ಲೂ ಮಿದುಳಿನ ಬುಡದ ಮಿದುಳುಕಾಂಡದಲ್ಲೂ ಒಂದರ ಹಿಂದೊಂದು ಏಳುವ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದ ಹಿಡಿಯುವ ಪರೀಕ್ಷೆ. ಆ ಟೆಸ್ಟ್ ಮಾಡಿಸಿಕೊಂಡು ಬಂದ ತಾಯಂದಿರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರ ತುಂಬ ಅಂಕುಡೊಂಕು ಗೆರೆಗಳು, ಪಕ್ಕದಲ್ಲಿ ಸಣ್ಣ ಸಣ್ಣ ಅಂಕಿಗಳು, ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು. ಅದನ್ನು ಮುಂದೆ ಚಾಚಿ ಅವರು ಕೇಳುವ ಪ್ರಶ್ನೆ ಒಂದೇ: "ಮಗೀಗೆ ಕಿವಿ ಕೇಳ್ತೈತೋ ಇಲ್ವೋ, ಅಷ್ಟು ಹೇಳ್ರಿ." ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಹೇಳಿ ಕಳಿಸಿಬಿಡಬಹುದು. ಆದರೆ ಆ ಹಾಳೆಯಲ್ಲಿ ಇರುವುದು ಅಷ್ಟೇ ಅಲ್ಲ. ಶಬ್ದ ಕಿವಿಯಿಂದ ಹೊರಟು ಮಿದುಳಿನ ಯಾವ ಜಾಗವನ್ನು ಎಷ್ಟು ಹೊತ್ತಿಗೆ ದಾಟಿತು, ಎಲ್ಲಿ ತಡವಾಯಿತು, ಎಲ್ಲಿ ನಿಂತೇ ಹೋಯಿತು ಎನ್ನುವ ಲೆಕ್ಕ ಅದರಲ್ಲಿದೆ. ಆ ಲೆಕ್ಕ ಓದಲು ಬಂದರೆ, ಕೇಳುತ್ತದೋ ಇಲ್ಲವೋ ಎನ್ನುವುದರ ಜೊತೆಗೆ, ಕೆಟ್ಟಿರುವುದು ಎಲ್ಲಿ ಎಂದೂ ಹೇಳಬಹುದು. ಮುಂದೆ ಮಾಡಬೇಕಾದ ಚಿಕಿತ್ಸೆ ನಿಂತಿರುವುದು ಆ "ಎಲ್ಲಿ" ಎಂಬುದರ ಮೇಲೆ.

ಮೊದಲು ಈ ಸಂಕೇತ ಎಷ್ಟು ಚಿಕ್ಕದು ಎನ್ನುವುದು ತಿಳಿಯಬೇಕು. ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ದಾಖಲಿಸಿ 1929ರಲ್ಲಿ ಮೊದಲು ಪ್ರಕಟಿಸಿದವರು ಜರ್ಮನಿಯ ಹಾನ್ಸ್ ಬರ್ಗರ್. ಆ ಇಇಜಿ ಅಲೆಗಳ ಎತ್ತರ ಸುಮಾರು 10ರಿಂದ 100 ಮೈಕ್ರೋವೋಲ್ಟ್. ನಾವು ಬೆರಾದಲ್ಲಿ ಹುಡುಕುವ ಐದನೇ ಅಲೆಯ ಎತ್ತರ ಅರ್ಧ ಮೈಕ್ರೋವೋಲ್ಟ್. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಹಿಡಿದಂತೆ. ಹಿಡಿಯುವುದಕ್ಕೆ ಒಂದೇ ದಾರಿ: ಆ ಪಿಸುಮಾತನ್ನು ಸಾವಿರಾರು ಸಲ ಆಡಿಸಿ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುವುದು. ಗದ್ದಲ ಪ್ರತಿ ಸಲ ಬೇರೆ ಬೇರೆ, ಆದ್ದರಿಂದ ಕೂಡಿಸಿದಾಗ ಒಂದನ್ನೊಂದು ಕಡಿಯುತ್ತದೆ. ಪಿಸುಮಾತು ಪ್ರತಿ ಸಲ ಅದೇ ಹೊತ್ತಿಗೆ ಬರುವುದರಿಂದ ಉಳಿಯುತ್ತದೆ.

ಲೆಕ್ಕ ಹೀಗಿದೆ. ಸರಾಸರಿಯ ಸಂಖ್ಯೆ ಎಷ್ಟೋ ಅದರ ವರ್ಗಮೂಲದಷ್ಟು ಗದ್ದಲ ತಗ್ಗುತ್ತದೆ. 2000 ಕ್ಲಿಕ್ ಕೊಟ್ಟರೆ ಗದ್ದಲ ಸುಮಾರು 45ರಲ್ಲಿ ಒಂದು ಪಾಲಾಗುತ್ತದೆ. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಮೊದಲೇ ಕತ್ತರಿಸುವುದರಿಂದ ಇಇಜಿಯ ಬಹುಪಾಲು ಅಲ್ಲೇ ಹೋಗಿರುತ್ತದೆ. ಉಳಿದದ್ದು 5 ಮೈಕ್ರೋವೋಲ್ಟ್ ಎಂದುಕೊಂಡರೆ, 2000 ಸರಾಸರಿಯ ನಂತರ ಅದು 0.1 ಆಸುಪಾಸಿಗೆ ಇಳಿಯುತ್ತದೆ. ಆಗ ಅರ್ಧ ಮೈಕ್ರೋವೋಲ್ಟಿನ ಅಲೆ ಎದ್ದು ಕಾಣುತ್ತದೆ. ಅದೇ ಮಗು ಅಳುತ್ತಿದ್ದು, ಕುತ್ತಿಗೆ ಬಿಗಿದು ಗದ್ದಲ 20 ಆಗಿದ್ದರೆ? 2000 ಸಾಲದು. ಗದ್ದಲ ಅರ್ಧಕ್ಕೆ ಇಳಿಯಬೇಕಾದರೆ ಕ್ಲಿಕ್ಕುಗಳು ನಾಲ್ಕು ಪಟ್ಟು ಆಗಬೇಕು. ಅದಕ್ಕೇ ಮಗು ಮಲಗಲಿ ಎಂದು ಕಾಯುವುದು. ಕಾದ ಒಂದು ಗಂಟೆ ವ್ಯರ್ಥ ಅಲ್ಲ, ಪರೀಕ್ಷೆಯ ಅರ್ಧ ಭಾಗ ಅದೇ.

ಈ ಅಲೆಗಳನ್ನು ತಲೆಯ ಹೊರಗಿನಿಂದಲೇ ಹಿಡಿಯಬಹುದು ಎಂದು 1967ರಲ್ಲಿ ಇಸ್ರೇಲಿನ ಸೋಮರ್ ಮತ್ತು ಫೈನ್‌ಮೆಸರ್ ತೋರಿಸಿದರು. 1971ರಲ್ಲಿ ಅಮೆರಿಕದ ಜೂವೆಟ್ ಮತ್ತು ವಿಲಿಸ್ಟನ್ ಅವಕ್ಕೆ ಒಂದರಿಂದ ಏಳರವರೆಗೆ ರೋಮನ್ ಅಂಕಿ ಕೊಟ್ಟರು. ಇಂದಿಗೂ ಅದೇ ಹೆಸರು. ಏಳೂ ಅಲೆ ಹತ್ತು ಮಿಲಿಸೆಕೆಂಡಿನೊಳಗೆ ಮುಗಿಯುತ್ತವೆ. ಕೆಲಸಕ್ಕೆ ಬರುವುದು ಮುಖ್ಯವಾಗಿ ಒಂದು, ಮೂರು, ಐದು.

ಈಗ ದಾರಿ ಹಿಡಿದು ಹೋಗೋಣ.

ಕಿವಿಯ ತಮಟೆ, ಅದರ ಹಿಂದಿನ ಮೂರು ಪುಟ್ಟ ಮೂಳೆ ದಾಟಿ ಶಬ್ದ ಒಳಗಿವಿಯ ಕಾಕ್ಲಿಯಾ ಸೇರುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು, ಬಿಚ್ಚಿ ಉದ್ದಕ್ಕೆ ಇಟ್ಟರೆ ಸುಮಾರು 35 ಮಿಲಿಮೀಟರ್ ಪಟ್ಟಿ. ಬುಡದಲ್ಲಿ ಕೀರಲು ಸ್ವರ, ತುದಿಯಲ್ಲಿ ದಪ್ಪ ಸ್ವರ. ಶಬ್ದದ ಅಲೆ ಬುಡದಿಂದ ತುದಿಗೆ ಸಾಗುತ್ತದೆ ಎಂದು ಕಂಡುಹಿಡಿದ ಬೆಕೆಶಿಯವರಿಗೆ 1961ರಲ್ಲಿ ನೊಬೆಲ್ ಬಂತು. ಈ ಸಾಗಾಟಕ್ಕೆ ಹೊತ್ತು ಹಿಡಿಯುತ್ತದೆ. ತುದಿ ಮುಟ್ಟುವಷ್ಟರಲ್ಲಿ ಬುಡ ತನ್ನ ಉತ್ತರ ಕೊಟ್ಟಾಗಿರುತ್ತದೆ. ಆದ್ದರಿಂದ ಕ್ಲಿಕ್ ಶಬ್ದಕ್ಕೆ ಬರುವ ಬೆರಾ ಅಲೆ ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಭಾಗದ್ದು. ಇಲ್ಲೇ ಒಂದು ಎಚ್ಚರಿಕೆ: ಕ್ಲಿಕ್ಕಿಗೆ ಅಲೆ ಬರಲಿಲ್ಲ ಎಂದ ಮಾತ್ರಕ್ಕೆ ದಪ್ಪ ಸ್ವರವೂ ಕೇಳುವುದಿಲ್ಲ ಎಂದು ಬರೆಯಬಾರದು. 500, 1000, 2000, 4000 ಹರ್ಟ್ಸ್ ಟೋನ್ ಬರ್ಸ್ಟ್, ಅಂದರೆ ಒಂದೊಂದೇ ಸ್ವರದ ಚಿಕ್ಕ ತುಣುಕು, ಬೇರೆ ಬೇರೆ ಕೊಟ್ಟು ನೋಡಬೇಕು. ಹಿಯರಿಂಗ್ ಏಡ್ ಹೊಂದಿಸುವವರಿಗೆ ಬೇಕಾದದ್ದು ಆ ನಾಲ್ಕು ಅಂಕಿ. ಬರೀ ಕ್ಲಿಕ್ಕಿನ ಫಲಿತಾಂಶದ ಮೇಲೆ ಏಡ್ ಹೊಂದಿಸುವುದು ಒಂದೇ ಅಳತೆಯಲ್ಲಿ ಎಲ್ಲರಿಗೂ ಚಪ್ಪಲಿ ಹೊಲಿದಂತೆ.

ಪಟ್ಟಿಯ ಮೇಲೆ ಸುಮಾರು 3500 ಒಳ ರೋಮಕೋಶಗಳು, ಸುಮಾರು 12000 ಹೊರ ರೋಮಕೋಶಗಳಿವೆ. ಹೊರಗಿನವು ಸಣ್ಣ ಶಬ್ದವನ್ನು ಹಿಗ್ಗಿಸುತ್ತವೆ. ಮಿದುಳಿಗೆ ಸುದ್ದಿ ಕಳಿಸುವುದು ಒಳಗಿನವು. ಶ್ರವಣ ನರದ ಸುಮಾರು 30000 ಎಳೆಗಳಲ್ಲಿ ನೂರಕ್ಕೆ ತೊಂಬತ್ತೈದು ಇವಕ್ಕೇ ಅಂಟಿಕೊಂಡಿವೆ. ಈ ಭೇದ ನೆನಪಿರಲಿ, ಮುಂದೆ ಬಹಳ ಮುಖ್ಯ.

ಆ ನರ ಕಾಕ್ಲಿಯಾ ಬಿಡುವ ಜಾಗದಲ್ಲಿ ಎದ್ದದ್ದು ಒಂದನೇ ಅಲೆ. ಜೋರಾದ ಕ್ಲಿಕ್ಕಿಗೆ ಸುಮಾರು 1.5 ಮಿಲಿಸೆಕೆಂಡಿಗೆ ಬರುತ್ತದೆ. ಎರಡನೇ ಅಲೆ ಅದೇ ನರದ ಇನ್ನೊಂದು ತುದಿಯದು, ಮಿದುಳುಕಾಂಡದ ಹತ್ತಿರ. ಬಹಳ ಕಾಲ ಇದನ್ನು ಯಾರೂ ಹೀಗೆ ಎಣಿಸಿರಲಿಲ್ಲ. ಬೆಕ್ಕಿನ ಮೇಲೆ ಮಾಡಿದ ಪ್ರಯೋಗದಲ್ಲಿ ಎರಡನೇ ಅಲೆ ಮಿದುಳುಕಾಂಡದ ಮೊದಲ ನಿಲ್ದಾಣವಾದ ಕಾಕ್ಲಿಯರ್ ನ್ಯೂಕ್ಲಿಯಸ್‌ನಿಂದ ಬರುತ್ತಿತ್ತು, ಮನುಷ್ಯನಲ್ಲೂ ಹಾಗೇ ಎಂದುಕೊಂಡಿದ್ದರು. ಪಿಟ್ಸ್‌ಬರ್ಗ್‌ನಲ್ಲಿ ಮೋಲರ್ ಮತ್ತು ಜನೆಟ್ಟಾ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನರದ ಮೇಲೇ ಎಲೆಕ್ಟ್ರೋಡ್ ಇಟ್ಟು ನೋಡಿದಾಗ ಅದು ನರದ್ದೇ ಎಂದು ಗೊತ್ತಾಯಿತು. ಕಾರಣ ಸರಳ: ಮನುಷ್ಯನ ಶ್ರವಣ ನರ ಸುಮಾರು 25 ಮಿಲಿಮೀಟರ್ ಉದ್ದ, ಬೆಕ್ಕಿನದು ಅದಕ್ಕಿಂತ ಬಹಳ ಗಿಡ್ಡ. ಉದ್ದ ಹೆಚ್ಚಾದಷ್ಟೂ ಹೊತ್ತು ಹಿಡಿಯುತ್ತದೆ, ಒಂದೇ ನರಕ್ಕೆ ಎರಡು ಅಲೆ ಮೂಡುತ್ತವೆ. ರಚನೆ ಬದಲಾದರೆ ಅಲೆಯ ಅರ್ಥವೇ ಬದಲಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಇಲ್ಲ.

ಮೂರನೇ ಅಲೆ, ಸುಮಾರು 3.7 ಮಿಲಿಸೆಕೆಂಡಿಗೆ, ಮುಖ್ಯವಾಗಿ ಕಾಕ್ಲಿಯರ್ ನ್ಯೂಕ್ಲಿಯಸ್‌ನದು. ಅಲ್ಲಿಂದ ಹೆಚ್ಚಿನ ಎಳೆಗಳು ನಡುಗೆರೆ ದಾಟಿ ಎದುರು ಬದಿಗೆ ಹೋಗುತ್ತವೆ. ನಾಲ್ಕನೆಯದು ಸುಪೀರಿಯರ್ ಆಲಿವ್ ಸುತ್ತಮುತ್ತಲಿನದು; ಎರಡೂ ಕಿವಿಯ ಸುದ್ದಿ ಮೊದಲು ಸಂಧಿಸುವ ಜಾಗ ಅದು. ಹಿಂದಿನಿಂದ ಬೈಕ್ ಬಂದರೆ ಎಡಕ್ಕೋ ಬಲಕ್ಕೋ ಎಂದು ನಾವು ತಿರುಗದೆಯೇ ತಿಳಿಯುತ್ತೇವಲ್ಲ, ಎರಡು ಕಿವಿಗೆ ಶಬ್ದ ಮುಟ್ಟುವ ಹೊತ್ತಿನ ವ್ಯತ್ಯಾಸ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡು, ಆ ವ್ಯತ್ಯಾಸವನ್ನು ಅಳೆಯುವ ಕೋಶಗಳು ಇಲ್ಲಿವೆ.

ಐದನೆಯದು ಸುಮಾರು 5.6 ಮಿಲಿಸೆಕೆಂಡಿಗೆ. ಎಲ್ಲಕ್ಕಿಂತ ದೊಡ್ಡದು, ಶಬ್ದ ಸಣ್ಣದಾಗುತ್ತಾ ಹೋದಾಗ ಕೊನೆಯವರೆಗೆ ಉಳಿಯುವುದೂ ಅದೇ. ಪುಸ್ತಕಗಳಲ್ಲಿ ಇದನ್ನು ಮಿದುಳುಕಾಂಡದ ಮೇಲ್ತುದಿಯ ನಿಲ್ದಾಣವಾದ ಇನ್ಫೀರಿಯರ್ ಕಾಲಿಕ್ಯುಲಸ್‌ನ ಅಲೆ ಎಂದು ಒಂದೇ ಪದದಲ್ಲಿ ಬರೆದಿರುತ್ತಾರೆ. ನಿಜವಾಗಿ ಅದರ ಚೂಪು ತುದಿ ಕಾಲಿಕ್ಯುಲಸ್‌ಗೆ ಹೋಗಿ ಸೇರುವ ಎಳೆಗಳ ಕಟ್ಟಿನದು, ಲ್ಯಾಟರಲ್ ಲೆಮ್ನಿಸ್ಕಸ್ ಎನ್ನುತ್ತಾರೆ. ಅಷ್ಟು ದೊಡ್ಡ ನಿಲ್ದಾಣ ತಾನೇ ಯಾಕೆ ದೊಡ್ಡ ಅಲೆ ಕೊಡುವುದಿಲ್ಲ? ವಿದ್ಯಾರ್ಥಿಗಳು ಇಲ್ಲೇ ತಡವರಿಸುತ್ತಾರೆ. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವುದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಅಷ್ಟು ಭಾರದ ತೇರು ಕದಲಬೇಕಾದರೆ ಎರಡು ಕೂಡಿ ಬರಬೇಕು. ಹಗ್ಗ ಹಿಡಿದವರೆಲ್ಲ ಒಂದೇ ದಿಕ್ಕಿಗೆ ನಿಂತಿರಬೇಕು. ಮತ್ತೆ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಬೇಕು. ಸಾವಿರ ಮಂದಿ ತೇರಿನ ಸುತ್ತ ನಿಂತು ತಮ್ಮ ತಮ್ಮ ಕಡೆಗೆ ಎಳೆದರೆ ಶ್ರಮವೆಲ್ಲ ಖರ್ಚಾಗುತ್ತದೆ, ತೇರು ಇದ್ದಲ್ಲೇ ಇರುತ್ತದೆ. ನರಕೋಶಗಳೂ ಹಾಗೇ. ಪ್ರತಿಯೊಂದು ಕೋಶ ಒಂದು ಚಿಕ್ಕ ಬ್ಯಾಟರಿ ಇದ್ದಂತೆ, ಅದಕ್ಕೆ ಒಂದು ದಿಕ್ಕಿದೆ. ಕಾಲಿಕ್ಯುಲಸ್‌ನಂಥ ಉಂಡೆಯಾದ ಜಾಗದಲ್ಲಿ ಕೋಶಗಳ ಕೊಂಬೆಗಳು ಎಲ್ಲ ದಿಕ್ಕಿಗೂ ಚಾಚಿರುವುದರಿಂದ ಒಂದರ ವಿದ್ಯುತ್ತನ್ನು ಇನ್ನೊಂದು ಅಲ್ಲೇ ಅಳಿಸುತ್ತದೆ. ಹೊರಗೆ ತಲೆಯ ಮೇಲೆ ಸಿಗುವುದು ಅಲ್ಪ. ಎಳೆಗಳ ಕಟ್ಟು ಹಾಗಲ್ಲ, ಹಗ್ಗದಂತೆ ಒಂದೇ ದಿಕ್ಕಿಗೆ ಓಡುತ್ತದೆ. ಆದ್ದರಿಂದ ಅದರ ಅಲೆ ದೂರಕ್ಕೂ ಕಾಣುತ್ತದೆ. ಅಲೆಯ ಎತ್ತರ ಎಂದರೆ ಅಲ್ಲಿ ಎಷ್ಟು ಕೋಶಗಳು ಕೆಲಸ ಮಾಡಿದವು ಎಂಬುದರ ನೇರ ಲೆಕ್ಕವಲ್ಲ. ಎಷ್ಟು ಕೋಶಗಳು ಒಂದೇ ದಿಕ್ಕಿಗೆ, ಒಂದೇ ಕ್ಷಣಕ್ಕೆ ಕೆಲಸ ಮಾಡಿದವು ಎಂಬುದರ ಲೆಕ್ಕ.

ಈ ದಿಕ್ಕಿನ ಮಾತು ಇನ್ನೂ ಚೆನ್ನಾಗಿ ಕಾಣುವುದು ಮಿದುಳಿನ ಮೇಲ್ಪದರದಲ್ಲಿ. ಶಬ್ದ ಕೇಳಿದ ಸುಮಾರು 30 ಮಿಲಿಸೆಕೆಂಡಿಗೆ ಸುದ್ದಿ ಅಲ್ಲಿ ಮುಟ್ಟಿರುತ್ತದೆ. ದೊಡ್ಡವರಲ್ಲಿ ಸುಮಾರು 100 ಮಿಲಿಸೆಕೆಂಡಿಗೆ ಒಂದು ದೊಡ್ಡ ಋಣ ಅಲೆ ಬರುತ್ತದೆ, ಎನ್-1 ಎಂದು ಹೆಸರು. ಶಬ್ದ ಮೊದಲು ಇಳಿಯುವ ಜಾಗವನ್ನು ಆಸ್ಟ್ರಿಯಾದ ಹೆಶ್ಲ್ 1878ರಲ್ಲಿ ವಿವರಿಸಿದರು, ಹೆಶ್ಲ್ ಮಡಿಕೆ ಎಂದೇ ಕರೆಯುತ್ತಾರೆ. ಕಿವಿಯ ಮೇಲ್ಭಾಗದ ಮಟ್ಟಕ್ಕೆ, ಮಿದುಳಿನ ದೊಡ್ಡ ಬಿರುಕಿನ ಒಳಗೆ ಅಡಗಿದೆ ಅದು. ಹಾಗಾದರೆ ಎಲೆಕ್ಟ್ರೋಡನ್ನು ಕಿವಿಯ ಮೇಲೇ ಇಟ್ಟರೆ ಚೆನ್ನಾಗಿ ಸಿಗಬೇಕಲ್ಲ? ಸಿಗುವುದಿಲ್ಲ. ನೆತ್ತಿಯ ಮೇಲೆ ಚೆನ್ನಾಗಿ ಸಿಗುತ್ತದೆ. ಯಾಕೆಂದರೆ ಆ ಮಡಿಕೆ ಮಿದುಳಿನ ಪಕ್ಕದ ಭಾಗವಾದ ಟೆಂಪೊರಲ್ ಲೋಬಿನ ಮೇಲುಮೈಯಲ್ಲಿ, ಅಟ್ಟದ ನೆಲದಂತೆ ಅಡ್ಡಲಾಗಿ ಮಲಗಿದೆ. ಅದರ ಕೋಶಗಳು ಆ ನೆಲಕ್ಕೆ ನೆಟ್ಟಗೆ, ಕಂಬಗಳಂತೆ ಮೇಲ್ಮುಖವಾಗಿ ನಿಂತಿವೆ. ಎಲ್ಲ ಕಂಬವೂ ನೆತ್ತಿಯ ಕಡೆಗೇ ಮುಖ ಮಾಡಿವೆ. ಅದಕ್ಕೆ ನೆತ್ತಿಯಲ್ಲಿ ಋಣವಾಗಿ ಕಾಣುವ ಅಲೆ ಕಿವಿಯ ಹಿಂದಿನ ಮೂಳೆಯ ಮೇಲೆ ತಲೆಕೆಳಗಾಗಿ ಕಾಣುತ್ತದೆ. ಯಂತ್ರ ಕೆಟ್ಟಿಲ್ಲ, ತಂತಿ ಅದಲು ಬದಲಾಗಿಲ್ಲ, ಮಡಿಕೆ ಮಲಗಿರುವ ಭಂಗಿಯೇ ಹಾಗೆ.

ಹೆಶ್ಲ್ ಮಡಿಕೆ ಎಲ್ಲರಲ್ಲಿ ಒಂದೇ ಆಕಾರದಲ್ಲಿರುವುದಿಲ್ಲ. ಕೆಲವರಲ್ಲಿ ಒಂದು, ಕೆಲವರಲ್ಲಿ ಎರಡು, ಎಡ ಬಲ ಬದಿಯಲ್ಲೂ ಬೇರೆ. 2002ರಲ್ಲಿ ಜರ್ಮನಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ ವೃತ್ತಿಪರ ಸಂಗೀತಗಾರರ ಈ ಮಡಿಕೆಯ ಬೂದುಭಾಗವೂ, ಅಲ್ಲಿಂದ ಬರುವ ಬೇಗನೆಯ ಅಲೆಯೂ ಸಂಗೀತ ಕಲಿಯದವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಅಭ್ಯಾಸದಿಂದ ಮಡಿಕೆ ಬೆಳೆಯಿತೋ, ಮಡಿಕೆ ದೊಡ್ಡದಿದ್ದವರೇ ಸಂಗೀತಕ್ಕೆ ಬಂದರೋ, ಅಷ್ಟರಿಂದಲೇ ತೀರ್ಮಾನ ಮಾಡಲಾಗದು. ರಚನೆ ಮತ್ತು ಅಲೆ ಜೊತೆಜೊತೆಯಾಗಿ ಸಾಗುತ್ತವೆ ಎನ್ನುವುದು ಮಾತ್ರ ಸ್ಪಷ್ಟ. ಇದೇ ರೀತಿ, ಹೆಂಗಸರಲ್ಲಿ ಐದನೇ ಅಲೆ ಗಂಡಸರಿಗಿಂತ ಸುಮಾರು 0.2 ಮಿಲಿಸೆಕೆಂಡು ಬೇಗ ಬರುತ್ತದೆ, ಎತ್ತರವೂ ಹೆಚ್ಚು. ಕಾಕ್ಲಿಯಾ ಸ್ವಲ್ಪ ಗಿಡ್ಡ, ತಲೆಯ ಅಳತೆ ಸ್ವಲ್ಪ ಕಡಿಮೆ ಎನ್ನುವುದು ಅದಕ್ಕೆ ಕೊಡುವ ಮುಖ್ಯ ಕಾರಣ. ಆದ್ದರಿಂದ ಗಂಡಸರ, ಹೆಂಗಸರ, ಮಕ್ಕಳ ಅಂಕಿಗಳನ್ನು ಒಂದೇ ಪಟ್ಟಿಗೆ ಹೋಲಿಸಬಾರದು.

ಇನ್ನು ಹಸುಗೂಸಿನ ವಿಷಯ. ದೊಡ್ಡವರಲ್ಲಿ ಒಂದನೇ ಅಲೆಯಿಂದ ಐದನೇ ಅಲೆಗೆ ಸುಮಾರು 4 ಮಿಲಿಸೆಕೆಂಡು. ತಿಂಗಳು ತುಂಬಿ ಹುಟ್ಟಿದ ಕೂಸಿನಲ್ಲಿ ಸುಮಾರು 5. ಕೂಸಿನ ತಲೆ ಚಿಕ್ಕದು, ದಾರಿ ಗಿಡ್ಡ, ಬೇಗ ಮುಟ್ಟಬೇಕಿತ್ತು. ಆದರೂ ತಡ. ನರದ ಎಳೆಗಳ ಮೇಲಿನ ಮೈಲಿನ್ ಹೊದಿಕೆ ಇನ್ನೂ ದಪ್ಪ ಆಗಿಲ್ಲ, ಕೋಶದಿಂದ ಕೋಶಕ್ಕೆ ದಾಟುವ ಸಂದುಗಳೂ ಇನ್ನೂ ಚುರುಕಾಗಿಲ್ಲ. ಹೊದಿಕೆ ಗಟ್ಟಿಯಾಗುತ್ತಾ ಬಂದಂತೆ ಅಂತರ ಕಡಿಮೆಯಾಗಿ, ಒಂದೂವರೆಯಿಂದ ಎರಡು ವರ್ಷಕ್ಕೆ ದೊಡ್ಡವರ ಅಂಕಿಗೆ ಬರುತ್ತದೆ. ಗರ್ಭದ 27-28ನೇ ವಾರದಲ್ಲಿ ಹುಟ್ಟಿದ ಕೂಸುಗಳಲ್ಲೂ ಅಲೆ ಹಿಡಿಯಬಹುದು, ಆದರೆ ಬಹಳ ತಡ, ಬಹಳ ಸಣ್ಣದು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಹಾಳೆ ಓದುವಾಗ ಹುಟ್ಟಿದ ದಿನದಿಂದ ವಯಸ್ಸು ಎಣಿಸಬಾರದು, ತಿಂಗಳು ತುಂಬಬೇಕಿದ್ದ ದಿನದಿಂದ ಎಣಿಸಬೇಕು. ಇದನ್ನು ಮರೆತು ದೊಡ್ಡವರ ಪಟ್ಟಿ ಇಟ್ಟುಕೊಂಡು "ಮಿದುಳುಕಾಂಡದಲ್ಲಿ ತೊಂದರೆ" ಎಂದು ಬರೆದರೆ ಆ ಮನೆಯವರು ತಿಂಗಳುಗಟ್ಟಲೆ ನಿದ್ದೆ ಕೆಡುತ್ತಾರೆ. ಮೈ ತಣ್ಣಗಾದರೂ ಅಲೆ ತಡವಾಗುತ್ತದೆ. ಕೂಸನ್ನು ಬೆಚ್ಚಗೆ ಸುತ್ತಿಯೇ ಮಲಗಿಸಬೇಕು, ಎಸಿಯ ಗಾಳಿ ನೇರ ಬೀಳಬಾರದು.

ಪರೀಕ್ಷೆಯ ಕೋಣೆಗೆ ಬರೋಣ. ಇಲ್ಲಿ ತಪ್ಪುವುದು ಬಹುತೇಕ ಸಣ್ಣ ಸಂಗತಿಗಳಲ್ಲಿ.

ನಮ್ಮ ಕಡೆ ಕೂಸಿನ ನೆತ್ತಿಗೆ ಹರಳೆಣ್ಣೆ ಒತ್ತುತ್ತಾರೆ, ಹಣೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಾರೆ. ಎಲೆಕ್ಟ್ರೋಡ್ ಅಂಟಿಸುವುದು ಹಣೆಯ ಮೇಲ್ತುದಿ ಮತ್ತು ಎರಡೂ ಕಿವಿಯ ಹಿಂದಿನ ಮೂಳೆಯ ಮೇಲೆ, ಇನ್ನೊಂದು ಗ್ರೌಂಡ್ ಹಣೆಯ ಕೆಳಗೆ. ಎಣ್ಣೆ ಇಳಿದು ಬರುವುದು ಅಲ್ಲಿಗೇ. ಎಣ್ಣೆ ವಿದ್ಯುತ್ತನ್ನು ತಡೆಯುತ್ತದೆ. ಆ ತಡೆಯ ಅಳತೆ, ಇಂಪೀಡೆನ್ಸ್, 5 ಕಿಲೋಓಮ್ ಒಳಗಿರಬೇಕಾದದ್ದು 15, 20 ತೋರಿಸುತ್ತದೆ. ಆಗ ಎಲೆಕ್ಟ್ರೋಡನ್ನು ಒತ್ತಿ ಒತ್ತಿ ಟೇಪ್ ಸುತ್ತುವುದರಿಂದ ಏನೂ ಆಗದು, ಮಗು ಏಳುತ್ತದೆ ಅಷ್ಟೆ. ತೆಗೆದು, ಹತ್ತಿಯಲ್ಲಿ ಎಣ್ಣೆ ಒರೆಸಿ, ಸ್ಕಿನ್ ಪ್ರೆಪ್ ಜೆಲ್ ಬಟಾಣಿ ಕಾಳಿನ ಅರ್ಧದಷ್ಟು ಹಚ್ಚಿ ಒಂದೇ ದಿಕ್ಕಿಗೆ ನಾಲ್ಕೈದು ಸಲ ಮೆಲ್ಲಗೆ ಉಜ್ಜಿ, ಜೆಲ್ಲನ್ನು ಪೂರ್ತಿ ಒರೆಸಿ, ಆಮೇಲೆ ಕಂಡಕ್ಟಿವ್ ಪೇಸ್ಟ್ ಹಾಕಬೇಕು. ಪೇಸ್ಟ್ ಹೆಚ್ಚಾಗಿ ಹರಡಿ ಪಕ್ಕದ ಎಲೆಕ್ಟ್ರೋಡಿಗೆ ತಾಗಿದರೆ ಎರಡೂ ಒಂದೇ ಆಗಿ ಅಲೆಯೇ ಕಾಣದು. ಇನ್ನೊಂದು ವಿಷಯ: ಒಂದೊಂದರ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ. ಎಲ್ಲವೂ 5 ಇದ್ದರೆ ನಡೆಯುತ್ತದೆ. ಒಂದು 1, ಇನ್ನೊಂದು 6 ಇದ್ದರೆ ನಡೆಯದು. ಆಂಪ್ಲಿಫೈಯರ್ ಎರಡು ಎಲೆಕ್ಟ್ರೋಡಿಗೆ ಸಮನಾಗಿ ಬಂದ ಗದ್ದಲವನ್ನು ಕಳೆದು ಬಿಸಾಡುತ್ತದೆ. ಸಮನಾಗಿ ಬರದಿದ್ದರೆ ಕಳೆಯಲು ಆಗುವುದಿಲ್ಲ. ವ್ಯತ್ಯಾಸ 2 ಕಿಲೋಓಮ್ ದಾಟಬಾರದು.

ತಾಯಂದಿರಿಗೆ ಆಶಾ ಕಾರ್ಯಕರ್ತೆಯರು ಮುಂಚೆಯೇ ಹೇಳಬೇಕಾದದ್ದು ಇಷ್ಟು: ಹಿಂದಿನ ದಿನ ತಲೆಗೆ ನೀರು ಹಾಕಿ, ಆಮೇಲೆ ಎಣ್ಣೆ ಬೇಡ, ಹಣೆಗೆ ಏನೂ ಬೇಡ. ಕಿವಿಗಂತೂ ಎಣ್ಣೆ ಬಿಡಲೇಬೇಡಿ. ಬರುವ ದಾರಿಯಲ್ಲಿ ಮಗುವನ್ನು ಮಲಗಿಸಬೇಡಿ. ಹಾಲು ಕುಡಿಸುವುದನ್ನು ಎಲೆಕ್ಟ್ರೋಡ್ ಅಂಟಿಸುವವರೆಗೆ ತಡೆದಿಟ್ಟು, ಆಮೇಲೆ ಕುಡಿಸಿ ಮಲಗಿಸಿ. ಆರು ತಿಂಗಳ ಒಳಗಿನ ಬಹುತೇಕ ಕೂಸುಗಳಿಗೆ ನಿದ್ದೆಯ ಔಷಧ ಬೇಕಾಗುವುದಿಲ್ಲ. ದೊಡ್ಡ ಮಕ್ಕಳಿಗೆ ಬೇಕಾದರೆ ತೂಕ ನೋಡಿ ವೈದ್ಯರೇ ಕೊಡಬೇಕು. ಔಷಧ ಕೊಟ್ಟಿದ್ದರೆ ಮಗು ಪೂರ್ತಿ ಎಚ್ಚರಾಗುವವರೆಗೆ ಉಸಿರು ಗಮನಿಸಬೇಕು.

ಕರೆಂಟು ಇನ್ನೊಂದು ಶತ್ರು. 50 ಹರ್ಟ್ಸ್ ಗುಂಯ್ ಶಬ್ದ ತಂತಿಯಲ್ಲಿ ನುಸುಳುತ್ತದೆ. ಸೆಕೆಂಡಿಗೆ ಸರಿಯಾಗಿ 10 ಅಥವಾ 25 ಕ್ಲಿಕ್ ಕೊಟ್ಟರೆ ಅವು 50ರ ಜೊತೆ ಹೆಜ್ಜೆ ಕೂಡಿಸಿ ಪ್ರತಿ ಸಲ ಅದೇ ಜಾಗಕ್ಕೆ ಬೀಳುತ್ತವೆ, ಸರಾಸರಿಯಲ್ಲಿ ಅಳಿಯುವುದಿಲ್ಲ. ಅದಕ್ಕೇ 11.1, 21.1, 27.7 ಎಂದು ವಿಚಿತ್ರ ಅಂಕಿ. 21.1 ವೇಗದಲ್ಲಿ 2000 ಕ್ಲಿಕ್ ಎಂದರೆ ಒಂದೂವರೆ ನಿಮಿಷ. ಕರೆಂಟು ಹೋಗಿ ಅಗ್ಗದ ಇನ್ವರ್ಟರ್ ಮೇಲೆ ಯಂತ್ರ ಓಡಿಸಿದರೆ ಇನ್ನೂ ಕಷ್ಟ. ಅದರ ಚೌಕಾಕಾರದ ಅಲೆಯಲ್ಲಿ 150, 250, 350 ಹರ್ಟ್ಸ್ ಎಲ್ಲ ಸೇರಿರುತ್ತವೆ, ಅವು ಫಿಲ್ಟರಿನ ಬಾಗಿಲೊಳಗೇ ಬರುತ್ತವೆ. ಸೈನ್ ವೇವ್ ಯುಪಿಎಸ್ ಮತ್ತು ಯಂತ್ರಕ್ಕೇ ಮೀಸಲಾದ ಒಳ್ಳೆಯ ಅರ್ಥಿಂಗ್ ಇರಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ, ನೀರು ಹಾಕುವವರು ಯಾರು ಎಂದು ಹೆಸರಿಟ್ಟು ಗೊತ್ತು ಮಾಡಬೇಕು. ಕೋಣೆಯ ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್ ಆರಿಸಿ. ಒಂದೇ ಮಟ್ಟದಲ್ಲಿ ಎರಡು ಸಲ ಅಳೆದು ಎರಡೂ ಗೆರೆ ಒಂದರ ಮೇಲೊಂದು ಕೂರುತ್ತವೆಯೇ ನೋಡಿ. ಕೂರದ ಅಲೆ ಅಲೆಯಲ್ಲ.

ಕಿವಿಗೆ ಹಾಕುವ ಇನ್ಸರ್ಟ್ ಫೋನಿನ ಕೊಳವೆ ಸುಮಾರು 30 ಸೆಂಟಿಮೀಟರ್. ಶಬ್ದ ಅದನ್ನು ದಾಟಲು 0.9 ಮಿಲಿಸೆಕೆಂಡು ಬೇಕು. ಯಂತ್ರದಲ್ಲಿ ಇನ್ಸರ್ಟ್ ಎಂದು ಆರಿಸದೆ ಹೆಡ್‌ಫೋನ್ ಎಂದು ಬಿಟ್ಟಿದ್ದರೆ ಎಲ್ಲ ಅಲೆಯೂ 0.9 ತಡವಾಗಿ ಕಾಣುತ್ತವೆ, ಮಗುವಿನ ಕಿವಿಯಲ್ಲಿ ನೀರಿದೆ ಎಂದು ತಪ್ಪು ತಿಳಿಯುವಷ್ಟು.

ಯಾಕೆಂದರೆ ಕಿವಿಯ ತಮಟೆಯ ಹಿಂದೆ ನೀರು ತುಂಬಿದರೂ ಹಾಗೇ ಕಾಣುತ್ತದೆ. ಒಂದು, ಮೂರು, ಐದು ಎಲ್ಲವೂ ಸಮನಾಗಿ ಹಿಂದೆ ಸರಿಯುತ್ತವೆ, ಆದರೆ ನಡುವಿನ ಅಂತರ ಸರಿಯಾಗಿರುತ್ತದೆ. ಬಾಗಿಲಲ್ಲೇ ತಡ, ಒಳಗಿನ ದಾರಿ ಸರಿ ಎಂದರ್ಥ. ಇದನ್ನು ಕಿವಿಯ ತಮಟೆ ಎಷ್ಟು ಅಲುಗುತ್ತದೆ ಎಂದು ಅಳೆಯುವ ಟಿಂಪೆನೊಮೆಟ್ರಿಯಿಂದ ಖಚಿತ ಮಾಡಬೇಕು, ಆರು ತಿಂಗಳೊಳಗಿನ ಕೂಸಿಗೆ 1000 ಹರ್ಟ್ಸ್ ಪ್ರೋಬ್ ಬೇಕು. ಕಾಕ್ಲಿಯಾದ ರೋಮಕೋಶ ಕೆಟ್ಟಿದ್ದರೆ ಚಿತ್ರ ಬೇರೆ: ಒಂದನೇ ಅಲೆ ಸಣ್ಣ ಅಥವಾ ಇಲ್ಲ, ಸಣ್ಣ ಶಬ್ದಕ್ಕೆ ಐದನೇ ಅಲೆ ಇಲ್ಲ, ಶಬ್ದ ಜೋರು ಮಾಡಿದರೆ ಐದನೆಯದು ತಕ್ಕ ಹೊತ್ತಿಗೆ ಬಂದುಬಿಡುತ್ತದೆ. ನರದಲ್ಲಿ ಗಂಟು ಬೆಳೆದಿದ್ದರೆ ಒಂದನೆಯದು ಸರಿಯಾಗಿ ಬಂದು ಮೂರು, ಐದು ತಡವಾಗುತ್ತವೆ. ದೊಡ್ಡವರಲ್ಲಿ ಒಂದರಿಂದ ಐದರ ಅಂತರ 4.4 ದಾಟಿದರೆ, ಅಥವಾ ಎರಡು ಕಿವಿಯ ಐದನೇ ಅಲೆಯ ನಡುವೆ 0.4 ಮಿಲಿಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಂಆರ್‌ಐ ಬರೆಯಬೇಕು. ಒಂದು ಸೆಂಟಿಮೀಟರಿಗಿಂತ ಸಣ್ಣ ಗಂಟು ಬೆರಾದಲ್ಲಿ ತಪ್ಪಿಹೋಗಬಹುದು, ಆದ್ದರಿಂದ ಒಂದೇ ಕಿವಿ ಮಂದವಾದವರಿಗೆ ಬೆರಾ ಸರಿಯಿದೆ ಎಂದು ಬಿಟ್ಟುಬಿಡಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವ ಚಿತ್ರ ಬೇರೆಯದು. ಕಿವಿಗೆ ಶಬ್ದ ಕೊಟ್ಟು ಒಳಗಿವಿಯಿಂದ ಮರಳಿ ಬರುವ ಮೆಲುಸದ್ದು ಹಿಡಿಯುವ ಓಎಇ ಪರೀಕ್ಷೆ ಪಾಸ್, ಬೆರಾ ಮಾತ್ರ ಪೂರ್ತಿ ಚಪ್ಪಟೆ. ಓಎಇ ನೋಡುವುದು, ಸಣ್ಣ ಶಬ್ದ ಹಿಗ್ಗಿಸುತ್ತವೆ ಎಂದು ಆಗಲೇ ಹೇಳಿದೆನಲ್ಲ, ಆ ಹೊರ ರೋಮಕೋಶಗಳನ್ನು ಮಾತ್ರ. ಅವು ಚೆನ್ನಾಗಿವೆ. ಒಳ ರೋಮಕೋಶ, ಅದರ ಸಂದು ಅಥವಾ ನರ ಕೆಟ್ಟಿದೆ. ಎಳೆಗಳು ಬೇರೆ ಬೇರೆ ಹೊತ್ತಿಗೆ ಮಿಡಿಯುತ್ತವೆ, ತೇರಿನ ಹಗ್ಗ ಒಬ್ಬೊಬ್ಬರೇ ಎಳೆದಂತೆ. ಆಡಿಟರಿ ನ್ಯೂರೋಪತಿ ಎನ್ನುತ್ತಾರೆ. ಹುಟ್ಟಿದಾಗ ಕಾಮಾಲೆ ತೀರಾ ಏರಿದ ಕೂಸುಗಳು, ಉಸಿರುಗಟ್ಟಿದವು, ಅವಧಿಗೆ ಮುಂಚೆ ಹುಟ್ಟಿದವು ಇದಕ್ಕೆ ಹೆಚ್ಚು ಗುರಿ. ಒಟಿಒಎಫ್ ಎಂಬ ಜೀನ್ ದೋಷದಿಂದಲೂ ಬರುತ್ತದೆ. ಕಾಮಾಲೆಯ ಬಿಲಿರುಬಿನ್ ಕಾಕ್ಲಿಯರ್ ನ್ಯೂಕ್ಲಿಯಸ್, ಕಾಲಿಕ್ಯುಲಸ್‌ಗಳನ್ನೇ ಹುಡುಕಿ ಕೆಡಿಸುತ್ತದೆ. ಆದ್ದರಿಂದ ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ 5 ದಿನಕ್ಕಿಂತ ಹೆಚ್ಚು ಇದ್ದ ಕೂಸಿಗೆ ಬರೀ ಓಎಇ ಮಾಡಿ ಪಾಸ್ ಎಂದು ಕಳಿಸಬಾರದು, ಬೆರಾ ಆಗಲೇಬೇಕು. ಬೆರಾ ಚಪ್ಪಟೆ ಬಂದರೆ ಕ್ಲಿಕ್ಕಿನ ಧ್ರುವ ಬದಲಿಸಿ ಎರಡು ಸಲ ಅಳೆಯಿರಿ. ಮೊದಲ ಒಂದೆರಡು ಮಿಲಿಸೆಕೆಂಡಿನ ಗೆರೆ ಕನ್ನಡಿಯ ಬಿಂಬದಂತೆ ತಲೆಕೆಳಗಾದರೆ ಅದು ರೋಮಕೋಶದ ಸಂಕೇತ, ಕಾಕ್ಲಿಯರ್ ಮೈಕ್ರೋಫೋನಿಕ್. ಅದು ಯಂತ್ರದ ಸದ್ದೇ ಇರಬಹುದೇ ಎಂಬ ಅನುಮಾನ ಬಂದರೆ ಶಬ್ದದ ಕೊಳವೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಶಬ್ದ ನಿಂತಾಗ ಗೆರೆಯೂ ಹೋದರೆ ಅದು ಕಿವಿಯದು, ಉಳಿದರೆ ತಂತಿಯದು.

ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ: ಇದು ಎಲ್ಲೆಡೆ ಒಪ್ಪಿದ ಗಡುವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡು ಸೇರಿದೆ. 1965ರಲ್ಲಿ ಶುರುವಾದ ಮೈಸೂರಿನ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತೂ ನಮ್ಮ ರಾಜ್ಯದಲ್ಲೇ ಇದೆ. ಅವಸರ ಯಾಕೆಂದರೆ ಮಿದುಳಿನ ಮೇಲ್ಪದರ ಕಾಯುವುದಿಲ್ಲ. ಮಕ್ಕಳಲ್ಲಿ ಆ ಮೇಲ್ಪದರದಿಂದ ಬರುವ ಪಿ-1 ಎಂಬ ಅಲೆ ವಯಸ್ಸಾದಂತೆ ಬೇಗ ಬೇಗ ಬರತೊಡಗುತ್ತದೆ. ಹುಟ್ಟು ಕಿವುಡು ಮಕ್ಕಳಿಗೆ ಸುಮಾರು ಮೂರೂವರೆ ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಕಾಕ್ಲಿಯಾದೊಳಗೆ ಕೂರಿಸಿ ನರಕ್ಕೇ ವಿದ್ಯುತ್ ಕೊಡುವ ಸಾಧನ) ಆದರೆ ಕೆಲವೇ ತಿಂಗಳಲ್ಲಿ ಪಿ-1 ವಯಸ್ಸಿಗೆ ತಕ್ಕ ಹೊತ್ತಿಗೆ ಬರುತ್ತದೆ. ಏಳು ವರ್ಷ ದಾಟಿದ ಮೇಲೆ ಹಾಕಿಸಿದರೆ ಹೆಚ್ಚಿನವರಲ್ಲಿ ಆ ಅಲೆ ಸರಿದಾರಿಗೆ ಬರುವುದಿಲ್ಲ.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳು.

"ನಮ್ದು ಸೋದರ ಸಂಬಂಧ, ಅಕ್ಕನ ಮಗಳನ್ನೇ ತಂದದ್ದು. ಮೊದಲನೇ ಮಗೀಗೆ ಕಿವುಡು. ಎರಡನೇದಕ್ಕೂ ಬರ್ತೈತೇನ್ರಿ?" ಇಂಥ ಕಿವುಡಿನಲ್ಲಿ ಬಹಳಷ್ಟು, ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ಜೀನ್ ದೋಷದಿಂದ ಬರುತ್ತದೆ; ಜಿಜೆಬಿ2 ಅದರಲ್ಲಿ ಮುಖ್ಯ. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಜೀನ್ ಪರೀಕ್ಷೆ ಮಾಡಿಸಿ, ಎರಡನೇ ಕೂಸಿಗೆ ಹುಟ್ಟಿದ ತಿಂಗಳೊಳಗೇ ಬೆರಾ ಮಾಡಿಸಿ. ತಪ್ಪು ಯಾರದೂ ಅಲ್ಲ, ತಾಯಿಯದಂತೂ ಅಲ್ಲವೇ ಅಲ್ಲ.

"ಎಂಆರ್‌ಐನಲ್ಲಿ ಮಿದುಳು ಪೂರ್ತಿ ಕಾಣುತ್ತಲ್ಲ ಸರ್, ಮತ್ತೆ ಬೆರಾ ಯಾಕೆ?" ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಪ್ರಶ್ನೆ. ಎಂಆರ್‌ಐ ದಾರಿ ಇದೆಯೇ ಎಂದು ತೋರಿಸುತ್ತದೆ, ಬೆರಾ ಆ ದಾರಿಯಲ್ಲಿ ಸುದ್ದಿ ಹೋಗುತ್ತಿದೆಯೇ ಎಂದು ತೋರಿಸುತ್ತದೆ. ಒಟಿಒಎಫ್ ದೋಷದ ಮಗುವಿನ ಎಂಆರ್‌ಐ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಬೆರಾ ಚಪ್ಪಟೆ. ನರ ಇದೆ, ಸಂದು ಮಾತ್ರ ಕೆಟ್ಟಿದೆ. ಅಂಥ ಮಗುವಿಗೆ ಇಂಪ್ಲಾಂಟ್ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದು ಸಂದನ್ನು ದಾಟಿ ನರಕ್ಕೇ ವಿದ್ಯುತ್ ಕೊಡುತ್ತದೆ. ಆಪರೇಷನ್ ಟೇಬಲ್ ಮೇಲೇ ಇಂಪ್ಲಾಂಟಿನಿಂದ ವಿದ್ಯುತ್ ಬಿಟ್ಟು ಬೆರಾ ಅಳೆದರೆ ಐದನೇ ಅಲೆ 4 ಮಿಲಿಸೆಕೆಂಡಿಗೇ ಬಂದುಬಿಡುತ್ತದೆ, ಕಾಕ್ಲಿಯಾ ಮತ್ತು ಸಂದಿನಲ್ಲಿ ಕಳೆಯುತ್ತಿದ್ದ ಒಂದೂವರೆ ಮಿಲಿಸೆಕೆಂಡು ಉಳಿಯುತ್ತದೆ. ಇನ್ನೊಂದು ಮಗುವಿನ ಬೆರಾವೂ ಚಪ್ಪಟೆ, ಆದರೆ ಎಂಆರ್‌ಐನಲ್ಲಿ ಶ್ರವಣ ನರ ಕೂದಲೆಳೆಯಷ್ಟು ತೆಳ್ಳಗೆ, ಅಥವಾ ಇಲ್ಲವೇ ಇಲ್ಲ. ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ರೀತಿ. ಆದರೆ ಈ ಮಗುವಿಗೆ ಕಾಕ್ಲಿಯಾದಲ್ಲಿ ಇಂಪ್ಲಾಂಟ್ ಹಾಕಿದರೆ ಸುದ್ದಿ ಒಯ್ಯಲು ನರವೇ ಇರದು. ಮಿದುಳುಕಾಂಡದ ಕಾಕ್ಲಿಯರ್ ನ್ಯೂಕ್ಲಿಯಸ್ ಮೇಲೇ ಕೂರಿಸುವ ಬೇರೆ ಇಂಪ್ಲಾಂಟಿನ ಬಗ್ಗೆ ಯೋಚಿಸಬೇಕಾಗುತ್ತದೆ. ಆದ್ದರಿಂದ ಇಂಪ್ಲಾಂಟಿಗೆ ಕಳಿಸುವ ಫೈಲಿನಲ್ಲಿ ಬೆರಾ ಹಾಳೆಯೂ ಇರಬೇಕು, ಎಂಆರ್‌ಐ ಸಿಡಿಯೂ ಇರಬೇಕು. ಬರೀ ವರದಿಯ ಸಾಲು ಸಾಲದು, ಅಲೆಯ ಗೆರೆಗಳಿರುವ ಮೂಲ ಹಾಳೆಯನ್ನೇ ಇಡಿ.